ದ್ರಾಕ್ಷಿ ಸೀಮೆಯ ರಸ್ತೆಗೆ ಮೊದಲು ಗಟ್ಟಿ ಅಂಚು ಬೇಕು

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯ ದ್ರಾಕ್ಷಿ ಪಡಗಳನ್ನು ತೋರಿಸಿ ಪ್ರವಾಸಿಗರನ್ನು ಸೆಳೆಯಬೇಕು, ವೈನ್ ಪ್ರವಾಸೋದ್ಯಮವನ್ನು ಬೆಳೆಸಬೇಕು ಎಂಬ ಮಾತು ಆಗಾಗ ಸಭೆಗಳಲ್ಲಿ ಕೇಳಿಬರುತ್ತದೆ, ಪತ್ರಿಕೆಗಳಲ್ಲಿಯೂ ಪ್ರಕಟವಾಗುತ್ತದೆ. ಹಾಗೆ ಹೇಳುವವರು ಇಟಲಿ, ಫ್ರಾನ್ಸ್ ದೇಶಗಳ ದ್ರಾಕ್ಷಿ ಗುಡ್ಡಗಳ ನಡುವೆ ಸೈಕಲ್ ತುಳಿದುಕೊಂಡು ಹೋಗುವವರನ್ನು ಉದಾಹರಿಸುವುದೂ ಉಂಟು. ತಿಕೋಟಾ ಭಾಗದಲ್ಲಿ ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್ ತಳಿಯ ದ್ರಾಕ್ಷಿ ಪಡ ಇರುವ ಮನೆತನದವನು ನಾನು. ಎಂಟು ವರ್ಷಗಳಿಂದ ಪ್ರತಿ ಭಾನುವಾರ ನಸುಕಿನಲ್ಲಿ ವಿಜಯಪುರದಿಂದ ಹೊರಟು ಇದೇ ರಸ್ತೆಗಳಲ್ಲಿ ರೋಡ್ ಸೈಕಲ್ ತುಳಿಯುತ್ತಲೂ ಇದ್ದೇನೆ. ಎರಡೂ ಕಡೆ ಸಂಬಂಧವಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ರೆಸಾರ್ಟು, ಸ್ವಾಗತ ಕಮಾನುಗಳ ಮಾತು ಆಮೇಲಿರಲಿ, ಮೊದಲು ಡಾಂಬರಿನ ಎರಡೂ ಬದಿಗೆ ಒಂದೂವರೆ ಮೀಟರಿನಷ್ಟು ಗಟ್ಟಿಯಾದ ಅಂಚು ಕಟ್ಟಿಕೊಡಿ ಎಂಬುದು ನನ್ನ ಕೋರಿಕೆ.

ಇದನ್ನು ವೈನ್ ಸೀಮೆ ಎಂದು ಕರೆಯಲು ನನಗೆ ಸ್ವಲ್ಪ ಸಂಕೋಚವಿದೆ. ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ 2007ರಲ್ಲಿಯೇ ಬಂದಿದೆ, ವೈನ್ ದ್ರಾಕ್ಷಿ ಸೀಮೆಗಳ ಪಟ್ಟಿಯಲ್ಲಿ ನಮ್ಮ ಕೃಷ್ಣಾ ಕಣಿವೆಯ ಹೆಸರೂ ಇದೆ. ಆದರೆ ನಮ್ಮಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ದ ಹಣ್ಣು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಮಿಂದು, ಶೆಡ್ಡಿನ ಜಾಲರಿಗಳ ಮೇಲೆ ಸುಮಾರು ಎರಡು ವಾರ ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುವುದೇ ಹೆಚ್ಚು. ಏರು ಹತ್ತಿ ಸುಸ್ತಾದ ಸೈಕಲ್ ಸವಾರನಿಗೂ ವೈನಿಗಿಂತ ಜೇಬಿನಲ್ಲಿರುವ ಒಂದು ಹಿಡಿ ಮಣೂಕವೇ ಹೆಚ್ಚು ಉಪಕಾರಿ ಎಂಬುದು ನನ್ನ ಅನುಭವ.

ವಿಜಯಪುರ ಬಯಲುಸೀಮೆ, ಇಲ್ಲಿ ಏರೆಲ್ಲಿದೆ ಎಂದು ಕೇಳುವವರು ಒಮ್ಮೆ ಬಬಲೇಶ್ವರ ಮಾರ್ಗವಾಗಿ ಜಮಖಂಡಿಯವರೆಗೆ ಸೈಕಲ್ ತುಳಿದು ನೋಡಬೇಕು. ಸುಮಾರು 60 ಕಿ.ಮೀ. ದಾರಿಯಿದು. ಸಾರವಾಡದ ಬಳಿ ಡೋಣಿ ನದಿಯ ಹಳ್ಳಕ್ಕೆ ಇಳಿದು ಮತ್ತೆ ಏರಬೇಕು. ಮುಂದೆ ದಿನ್ನೆಯ ಮೇಲೊಂದು ದಿನ್ನೆ ಬರುತ್ತ ರಸ್ತೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟುತ್ತದೆ. 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕಟ್ಟಿಕೊಂಡ ಶ್ರಮಬಿಂದು ಸಾಗರ ಬ್ಯಾರೇಜ್ ಇರುವುದು ಅಲ್ಲಿಯೇ. ಅದರಾಚೆ ಜಮಖಂಡಿಯ ಗುಡ್ಡಗಳು ಎದುರಾಗುತ್ತವೆ. ತಿಕೋಟಾ, ತೆಲಸಂಗ ಮಾರ್ಗವಾಗಿ ಅಥಣಿಗೆ ಹೋಗುವ ದಾರಿಯಲ್ಲಿ ಏರು ಇಷ್ಟು ಕಡಿದಲ್ಲ, ಆದರೆ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಎದೆಗೆ ಹೊಡೆಯುವಾಗ ಸಮತಟ್ಟಾದ ರಸ್ತೆಯೂ ಗುಡ್ಡದಂತಾಗುತ್ತದೆ. ಮರಳಿ ಬರುವಾಗ ಅದೇ ಗಾಳಿ ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ. ಒಂದು ಕಾಲಕ್ಕೆ ಟ್ಯಾಂಕರ್ ನೀರು ಹಾಕಿ ಪಡ ಉಳಿಸಿಕೊಂಡ ಊರುಗಳಲ್ಲಿ ಏತ ನೀರಾವರಿಯಿಂದಾಗಿ ಇಂದು ರಸ್ತೆಯ ಎರಡೂ ಬದಿಗೆ ಹಸಿರು ಚಪ್ಪರ ಕಾಣುತ್ತದೆ.

ಇಟಲಿಯ ಟಸ್ಕನಿ ಪ್ರಾಂತ್ಯದ ಕಿಯಾಂತಿ ದ್ರಾಕ್ಷಿ ಗುಡ್ಡಗಳಲ್ಲಿ ಡಾಂಬರು ಕಾಣದ ಬಿಳಿ ಮಣ್ಣಿನ ದಾರಿಗಳಿವೆ. ಅವುಗಳ ಮೇಲೆಲ್ಲ ಡಾಂಬರು ಬೀಳುವುದನ್ನು ತಡೆಯುವ ಆಸೆಯಿಂದ 1997ರಲ್ಲಿ ಗಯೋಲೆ ಎಂಬ ಸಣ್ಣ ಊರಿನಿಂದ 92 ಜನ ಹಳೆಯ ಸೈಕಲ್‌ಗಳಲ್ಲಿ ಹೊರಟರು. ಲೆರೋಯಿಕಾ ಎಂಬ ಆ ಸವಾರಿಯಲ್ಲಿ 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್‌ಗಳಿಗಷ್ಟೇ ಪ್ರವೇಶ. ಇಂದು ಅದಕ್ಕೆ ದೇಶವಿದೇಶಗಳಿಂದ ಸಾವಿರಾರು ಜನ ಬರುತ್ತಾರೆ. 2007ರಿಂದ ಅದೇ ಬಿಳಿ ದಾರಿಗಳಲ್ಲಿ ವೃತ್ತಿಪರರ ಸ್ಪರ್ಧೆಯೂ ನಡೆಯುತ್ತಿದ್ದು, ಅದು ಸಿಯೆನಾ ನಗರದ ಹಳೆಯ ಚೌಕದಲ್ಲಿ ಮುಗಿಯುತ್ತದೆ. ಆ ಸವಾರಿಗಾಗಿ ಹೊಸದಾಗಿ ಯಾವ ರಸ್ತೆಯನ್ನೂ ಕಟ್ಟಬೇಕಾಗಲಿಲ್ಲ. ರೈತರ ಗಾಡಿ ಓಡಾಡುವ ದಾರಿಯನ್ನೇ ಕಾಪಾಡಿಕೊಂಡದ್ದು ಸಾಕಾಯಿತು. ಫ್ರಾನ್ಸಿನ ಬರ್ಗಂಡಿಯಲ್ಲಿ ಬೋನ್ ಊರಿನಿಂದ ಸಾಂತನೆವರೆಗೆ ತೋಟಗಳ ನಡುವೆ ಸಾಗುವ ಸೈಕಲ್ ದಾರಿಯೂ ಬಹುಪಾಲು ಇಂಥ ಹೊಲದ ಹಾದಿಯೇ ಆಗಿದ್ದು, ಟ್ರ್ಯಾಕ್ಟರ್ ಮತ್ತು ಸೈಕಲ್ ಎರಡೂ ಅದರಲ್ಲಿ ಓಡಾಡುತ್ತವೆ.

ನಮ್ಮ ರಸ್ತೆಗಳ ಅಂಚು ಉಳಿಯದಿರುವುದಕ್ಕೆ ಎರೆ ಮಣ್ಣು ದೊಡ್ಡ ಕಾರಣ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ಬದಿಗೆ ಗರಸು (ಜಲ್ಲಿಮಣ್ಣು) ಹಾಕಿ ರೋಲರ್ ಹೊಡೆಯದೆ ಡಾಂಬರು ಹಾಸಿದರೆ ಅಂಚು ಬಿಸ್ಕತ್ತಿನಂತೆ ಮುರಿಯುತ್ತದೆ. ಮುರಿದ ಜಾಗದಲ್ಲಿ ಡಾಂಬರಿಗೂ ಮಣ್ಣಿಗೂ ಗೇಣುದ್ದದ ಅಂತರ ಬೀಳುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಹಾಕಿದಾಗ ಸೈಕಲ್ ಸವಾರ ಕೆಳಗಿಳಿಯುವಂತಿಲ್ಲ, ಇಳಿದರೆ ಮತ್ತೆ ಮೇಲೇರುವಂತಿಲ್ಲ. ಇದರ ಜೊತೆಗೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ಮೇಲೆ ಕತ್ತರಿಸಿದ ಕಡ್ಡಿಗಳನ್ನು, ಬೇಲಿಯ ಜಾಲಿಮುಳ್ಳನ್ನು ನಾವು ರೈತರೇ ರಸ್ತೆಯ ಬದಿಗೆ ರಾಶಿ ಹಾಕುತ್ತೇವೆ. ಒಂದೇ ಬೆಳಿಗ್ಗೆ ಮೂರು ಪಂಕ್ಚರ್ ತೆಗೆದ ದಿನ ಬೈಯುವುದಕ್ಕೂ ನನಗೆ ಬಾಯಿ ಬರಲಿಲ್ಲ, ಏಕೆಂದರೆ ಆ ರಾಶಿಗಳಲ್ಲಿ ಒಂದು ನಮ್ಮ ಪಡದ್ದೇ ಆಗಿತ್ತು.

ಎಲ್ಲಕ್ಕಿಂತ ದೊಡ್ಡ ಭಯ ಕಬ್ಬಿನ ಗಾಡಿಯದು. ದ್ರಾಕ್ಷಿ ಕಾಯಿ ಕಟ್ಟಿ ಹಣ್ಣಾಗುವ, ಹವೆ ತಂಪಾಗಿದ್ದು ಸೈಕಲ್ ತುಳಿಯಲು ಹದವಾದ ತಿಂಗಳುಗಳೇ ಕಬ್ಬು ನುರಿಸುವ ಹಂಗಾಮೂ ಆಗಿವೆ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ, ರಿಫ್ಲೆಕ್ಟರ್ ಪಟ್ಟಿಯಿಲ್ಲದೆ, ಹಾಡಿನ ಸದ್ದಿನಲ್ಲಿ ಹಿಂದಿನ ಯಾವ ಗಂಟೆಯೂ ಕೇಳದಂತೆ ಸಾಗುತ್ತವೆ. ಕಳೆದ ಜನವರಿಯಲ್ಲಿ ಮಂಜು ಮುಸುಕಿದ ನಸುಕಿನಲ್ಲಿ ಕೆಟ್ಟು ನಿಂತಿದ್ದ ಒಂದು ಟ್ರೇಲರ್ ನನ್ನ ಕಣ್ಣಿಗೆ ಬಿದ್ದದ್ದು ಎರಡು ಮಾರು ದೂರದಲ್ಲಿ. ಬ್ರೇಕ್ ಹಿಡಿದು ಪಕ್ಕಕ್ಕೆ ಉರುಳಿದ್ದರಿಂದ ಭುಜದ ಎಲುಬು ಮುರಿದು ಆರು ವಾರ ಮನೆಯಲ್ಲಿ ಕುಳಿತೆ. ಆ ಗಾಡಿ ಯಾವ ಕಾರ್ಖಾನೆಗೆ ಹೊರಟಿತ್ತೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಎಲ್ಲ ಕಡೆಯೂ ಇದೇ ಪರಿಸ್ಥಿತಿ ಇದೆ.

ನನ್ನಂಥ ಭಾನುವಾರದ ಸವಾರನಿಗೆ ಇದು ಹವ್ಯಾಸ, ತೀರ ಕಷ್ಟವಾದರೆ ಬಿಡಬಹುದು. ಆದರೆ ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳ ಮತ್ತು ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಮಕ್ಕಳು ಸೈಕ್ಲಿಂಗ್ ಅಭ್ಯಾಸ ಮಾಡುವುದು ಹೆಚ್ಚಾಗಿ ಬಯಲು ರಸ್ತೆಗಳಲ್ಲಿ. ರಾಷ್ಟ್ರ ಮಟ್ಟದ ಪದಕ ತಂದಾಗ ಮೆರವಣಿಗೆ ಮಾಡುವ ನಾವು, ಹದಿನಾಲ್ಕು ವರ್ಷದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಲುಗಟ್ಟಿ ತುಳಿಯುವಾಗ ಅವರ ಎಡಗಡೆ ಎಷ್ಟು ಜಾಗ ಉಳಿದಿದೆ ಎಂದು ನೋಡಿದವರಲ್ಲ. ಊರೂರಿಗೆ ಮನಬಂದಂತೆ ಹಾಕಿದ, ಬಿಳಿ ಬಣ್ಣವೂ ಇಲ್ಲದ ಹಂಪ್‌ಗಳು ಇಳಿಜಾರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಸೈಕಲ್ಲಿಗೆ ಏನು ಮಾಡಬಲ್ಲವು ಎಂಬುದನ್ನು ಆ ಮಕ್ಕಳ ಮೊಣಕಾಲುಗಳೇ ಹೇಳುತ್ತವೆ.

ಆದ್ದರಿಂದ ಲೋಕೋಪಯೋಗಿ ಇಲಾಖೆಯು ಮುಂದಿನ ಬಾರಿ ಈ ರಸ್ತೆಗಳಿಗೆ ಡಾಂಬರು ಹಾಕುವಾಗ ಬದಿಯ ಗಟ್ಟಿ ಅಂಚನ್ನೂ ಅಂದಾಜು ಪಟ್ಟಿಯಲ್ಲಿಯೇ ಸೇರಿಸಬೇಕು ಮತ್ತು ಇಳಿಜಾರಿನ ಹಂಪ್‌ಗಳಿಗೆ ಬಣ್ಣ ಬಳಿಸಬೇಕು. ಕಡ್ಡಿ ಮತ್ತು ಮುಳ್ಳನ್ನು ನಾವು ಬೆಳೆಗಾರರು ನಮ್ಮ ಹೊಲದೊಳಗೇ ಇಟ್ಟುಕೊಳ್ಳೋಣ. ಈ ವರ್ಷ ನಮ್ಮ ಪಡದ ಕಡ್ಡಿಯನ್ನು ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿದ್ದಾಗಿದೆ. ಇನ್ನು ಟ್ರೇಲರ್‌ಗಳ ರಿಫ್ಲೆಕ್ಟರ್ ಪಟ್ಟಿಯ ವಿಷಯವನ್ನು ಜಿಲ್ಲಾಡಳಿತವು ಕಾರ್ಖಾನೆಗಳ ಜೊತೆ ಮಾತನಾಡಿ ಅಕ್ಟೋಬರ್ ಚಾಟ್ನಿಯ ಹೊತ್ತಿಗೆ, ಅಂದರೆ ಮೊದಲ ಕಬ್ಬಿನ ಗಾಡಿ ರಸ್ತೆಗೆ ಇಳಿಯುವ ಮುನ್ನವೇ ಮುಗಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದ್ರಾಕ್ಷಿ ಬೆಳೆಗಾರ, ವಿಜಯಪುರ