ಬ್ಯಾಗಿನಿಂದ ತೆಗೆದಿಟ್ಟ ತೆಂಗಿನಕಾಯಿ

ಪ್ರೀತಿಯ ಮಗಳೇ,

ಸೋಮವಾರ ರಾತ್ರಿ ನಾನು ಕೊಟ್ಟ ತೆಂಗಿನಕಾಯಿಯನ್ನು ನೀನು ಬ್ಯಾಗಿನಿಂದ ತೆಗೆದಿಟ್ಟಾಗ ಆದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. "ಈ ತೆಂಗೇ ನಿನ್ನನ್ನು ಓದಿಸಿದ್ದು" ಅಂದದ್ದು ಮಾತ್ರ ತಪ್ಪಾಯಿತು. ಸುಳ್ಳಲ್ಲ, ಆದರೆ ಹೊರಟು ನಿಂತ ಮಗಳಿಗೆ ಹೇಳುವ ಮಾತಲ್ಲ.

ಶಾಲೆಯ ಮಕ್ಕಳಿಗೆ ಹೇಳಲು ನೀನು ಬರೆದ ನಾಲ್ಕು ಹಾಳೆ ಮೇಜಿನ ಮೇಲೇ ಉಳಿದಿದೆ. ಮೂರು ಸಲ ಓದಿದೆ. ನೀನು ಹೋಗುತ್ತಿರುವ ಸೆಶೆಲ್ಸ್‌ನ ಕಸಿನ್ ದ್ವೀಪ ಒಂದು ಕಾಲದಲ್ಲಿ ತೆಂಗಿನ ತೋಟವಾಗಿತ್ತಂತೆ. 1968ರಲ್ಲಿ ಅದನ್ನು ಕೊಂಡು, ತೆಂಗು ತೆಗೆದು, ಆ ನೆಲದ್ದೇ ಆದ ಕಾಡುಮರ ಬೆಳೆಯಲು ಬಿಟ್ಟರಂತೆ. ಅದೂ ಒಂದು ಸಣ್ಣ ಹಾಡುಹಕ್ಕಿಗೋಸ್ಕರ. ಆಗ ಮೂವತ್ತು ಕೂಡ ಉಳಿದಿರಲಿಲ್ಲ, ಈಗ ಅಲ್ಲೇ ಮುನ್ನೂರಕ್ಕೂ ಜಾಸ್ತಿ. ಒಳ್ಳೆಯದೇ ಆಯಿತು. ಆದರೂ ಫಸಲು ಕೊಡುವ ಮರ ಕಡಿದರು ಅಂತ ಓದುವಾಗ ತೋಟದವನ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ.

ಪೆಸಿಫಿಕ್ ಸಾಗರದ ಪಾಲ್ಮೈರಾ ದ್ವೀಪದ ವಿಷಯ ಓದಿದ ಮೇಲೆ ಸ್ವಲ್ಪ ಮೆತ್ತಗಾದೆ. ತೆಂಗು ತುಂಬಿದ ಕಡೆ ಕಡಲ ಹಕ್ಕಿ ಬರುವುದು ಕಡಿಮೆ, ಹಕ್ಕಿ ಇಲ್ಲದೆ ಮಣ್ಣು ಬಡವಾಯಿತು, ಕೊನೆಗೆ ದಡದ ನೀರಿನಲ್ಲಿ ಮಾಂಟಾ ತೊರಕೆ ಮೀನುಗಳೂ ಕಡಿಮೆಯಾದವು ಅಂತ ಬರೆದಿದ್ದೀ. ನಮ್ಮ ತೋಟದಲ್ಲಿ ಕಾಗೆ ತೆಂಗಿನ ಮೇಲೇ ಗೂಡು ಕಟ್ಟುತ್ತದೆ. ಈ ಕಡಲ ಹಕ್ಕಿಗಳಿಗೆ ಏನು ಜಂಬವೋ!

ಅಮ್ಮನಿಗೂ ಓದಿ ಹೇಳಿದೆ. ಬಿಳಿ ರೀವ ಅನ್ನುವ ಕಡಲ ಹಕ್ಕಿ ಗೂಡೇ ಕಟ್ಟದೆ ಬರೀ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ ಅಂದಾಗ "ಗಾಳಿ ಬಂದರೆ?" ಅಂತ ಕೇಳಿದಳು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಹಕ್ಕಿ ದೂರದ ಕಡಲಲ್ಲಿ ಮೀನು ತಿಂದು ಬಂದು ಮರದ ಕೆಳಗೆ ಹಿಕ್ಕೆ ಹಾಕುತ್ತದೆ, ಅದರ ಸಾರಜನಕ, ರಂಜಕ ಬೇರಿಗೆ ಹೋಗುತ್ತದೆ, ಉಳಿದದ್ದು ಮಳೆಗೆ ತೊಳೆದು ಹವಳದ ದಿಬ್ಬ ಸೇರುತ್ತದೆ. ಇದಕ್ಕೆ ನಾಲ್ಕು ಹಾಳೆ ಬೇಕಿತ್ತಾ ಮಗಾ? ಅಜ್ಜ ಬೂತಾಯಿ ಮೀನು ಅಗ್ಗವಾದಾಗ ಬುಟ್ಟಿಗಟ್ಟಲೆ ತಂದು, ತೆಂಗಿನ ಬುಡ ಬಿಡಿಸಿ ಸುರಿದು ಮಣ್ಣು ಮುಚ್ಚುತ್ತಿದ್ದರು. ನೀನು ಮೂಗು ಹಿಡಿದು ಮನೆಯೊಳಗೆ ಓಡುತ್ತಿದ್ದೆ. ಕಡಲನ್ನು ಮರಕ್ಕೆ ಉಣಿಸುವುದು ನಮಗೂ ಗೊತ್ತಿತ್ತು. ಹಕ್ಕಿ ಕಾಸು ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲಿಯ ವಿಷಯದಲ್ಲಂತೂ ನಾವಿಬ್ಬರೂ ಒಂದೇ ಪಕ್ಷ. ಎಳೆಕಾಯಿ ಕೊರೆದು ಬೀಳಿಸುವ ಇಲಿಗಳ ಜೊತೆ ನನಗೆ ಮೂವತ್ತು ವರ್ಷದ ಜಗಳ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಹನ್ನೆರಡನ್ನು ನೋಡಿದರಂತೆ, ಆರರಲ್ಲಿ ಇಲಿ, ಆರರಲ್ಲಿ ಇಲ್ಲ. ಇಲಿ ಇಲ್ಲದ ಕಡೆ ಹಕ್ಕಿಗಳು 760 ಪಟ್ಟು, ಮಣ್ಣಿಗೆ ಬೀಳುವ ಸಾರಜನಕ 251 ಪಟ್ಟು, ಸುತ್ತಲಿನ ಹವಳದಲ್ಲಿ ಮೀನಿನ ಒಟ್ಟು ತೂಕ ಅರ್ಧದಷ್ಟು ಜಾಸ್ತಿ. ಹಡಗಿನಲ್ಲಿ ಬಂದ ಇಲಿ ಮೊಟ್ಟೆ ತಿಂದದ್ದಕ್ಕೆ ನೀರೊಳಗಿನ ಮೀನು ಸೊರಗಿತು. ಇದನ್ನು ಎರಡು ಸಲ ಓದಿ, ಪಕ್ಕದ ತೋಟದವರಿಗೂ ಹೇಳಿದೆ. "ನನ್ನ ಮಗಳು ಬರೆದದ್ದು" ಅಂತಲೂ ಹೇಳಿದೆ. ನಿನ್ನ ಎದುರು ಹೇಳಲು ಬಾಯಿ ಬರಲಿಲ್ಲ.

ಆದರೆ ಕೊನೆಯ ಹಾಳೆಯಲ್ಲಿ ಒಂದು ಸಾಲು ಇದೆ. ಕಸಿನ್‌ನಲ್ಲಿ ಹೊರಗಿನ ದೋಣಿ ದಡ ಮುಟ್ಟುವಂತಿಲ್ಲ, ಇಲಿ ಬಂದೀತು ಅಂತ. ಕಡಲಲ್ಲೇ ದ್ವೀಪದವರ ದೋಣಿಗೆ ಹತ್ತಬೇಕು, ಅವರು ಅದನ್ನು ಜೋರಾಗಿ ಮರಳಿಗೇ ನುಗ್ಗಿಸುತ್ತಾರೆ. ಇದನ್ನು ನೀನು ತಮಾಷೆಯ ಹಾಗೆ ಬರೆದಿದ್ದೀ. ನನಗೆ ಮಲ್ಪೆಯ ಆಚೆಗಿನ ತೋನ್ಸೆಪಾರ್ ದ್ವೀಪ ನೆನಪಾಯಿತು. ಅಲ್ಲೂ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟುವುದಿತ್ತಲ್ಲ. ನಿನಗೆ ಎಂಟು ವರ್ಷ. ಎರಡು ದೋಣಿ ಒಂದರಿಂದೊಂದು ದೂರ ಸರಿದವು, ನಡುವೆ ಹಸಿರು ನೀರು, ಅದರ ಮೇಲೆ ನಿನ್ನ ಒಂದು ಕಾಲು. ನಾನು ಮಣಿಕಟ್ಟು ಹಿಡಿದೆ. ಕೆಂಪು ಬಳೆ ಒಡೆದು ನಿನಗೆ ಗಾಯವಾಯಿತು. ನೀನು ಅತ್ತದ್ದು ಬಳೆಗೆ. ಆಮೇಲೆ ಆ ಆರು ಮೂಲೆಯ ಕಲ್ಲುಗಳ ಮೇಲೆ ಕುಣಿದೆ. ನಾನು ಕಲ್ಲಿನ ಮೇಲೆ ಕೂತೇ ಇದ್ದೆ, ಕಾಲಲ್ಲಿ ಶಕ್ತಿ ಇರಲಿಲ್ಲ. ಇವತ್ತಿಗೂ ಬಸ್ಸು ಹತ್ತುವಾಗ ಕೆಲವೊಮ್ಮೆ ಆ ಹಸಿರು ನೀರು ಕಾಣುತ್ತದೆ. ಹಿಡಿಯದೇ ಇದ್ದಿದ್ದರೆ ಅಂತ. ಒಂದು ಗೇಣು ತಪ್ಪಿದ್ದರೆ ಅಂತ.

ಹಾಗಾಗಿ ಕೇಳು. ದಾಟುವಾಗ ಎರಡೂ ಕೈ ಖಾಲಿ ಇರಲಿ. ಕ್ಯಾಮೆರಾ ಬೇರೆಯವರಿಗೆ ಕೊಡು. "ನನಗೆ ಈಜು ಬರುತ್ತೆ" ಅನ್ನಬೇಡ. ಜಾಕೆಟ್ ಹಾಕಿಕೋ, ಯಾರು ನಕ್ಕರೂ ಪರವಾಗಿಲ್ಲ. ರಾತ್ರಿ ಟಾರ್ಚ್ ಇಲ್ಲದೆ ತಿರುಗಬೇಡ, ನೆಲದಲ್ಲಿ ಹಕ್ಕಿಗಳ ಬಿಲ ಇರುತ್ತವೆ ಅಂತ ನೀನೇ ಬರೆದಿದ್ದೀ, ಕಾಲು ಕುಸಿದೀತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿರಿಯರು ಹೇಳಿದ್ದನ್ನು... ಇರಲಿ. ಶುರುವಾಯಿತು ನನ್ನ ಪಾಠ ಅಂತ ಮುಖ ಸಿಂಡರಿಸುತ್ತಿದ್ದೀಯಲ್ವಾ?

ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನಾನು ಎಚ್ಚರವಾಗಿಯೇ ಇರುತ್ತೇನೆ. "ಇಳಿದೆ" ಅಂತ ಒಂದು ಮೆಸೇಜ್ ಹಾಕು, ಸಾಕು.

ಆ ಕಾಯಿಯನ್ನು ನಿನ್ನೆ ಒಡೆದೆವು. ಬೀಜ, ಕಾಯಿ ಯಾವುದನ್ನೂ ದ್ವೀಪಕ್ಕೆ ಒಯ್ಯಬಾರದು ಅಂತ ನಿಯಮ ಇದೆ ಅಂತ ಮೊದಲೇ ಹೇಳಬಾರದಿತ್ತಾ? ಒಳ್ಳೆ ದಪ್ಪ ತಿರುಳು ಇತ್ತು. ಬಾವಿಕಟ್ಟೆ ಹತ್ತಿರದ ಮರದ್ದು, ಹೋದ ವರ್ಷ ಬೂತಾಯಿ ಹಾಕಿದ್ದೆವಲ್ಲ, ಅದರದ್ದು.

ನಿನ್ನ ಅಪ್ಪ