ಚಿನ್ನದ ಕಥೆಯಲ್ಲಿ ಅವರೂ ಇರಲಿ

ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ಬಂದ, ಆಸ್ಟ್ರೇಲಿಯಾದ ಚಿನ್ನದ ಬೇಟೆ ಕುರಿತ ಲೇಖನದಲ್ಲಿ ಅಲ್ಲಿನ ಮೂಲನಿವಾಸಿಗಳ ಸಾವಿನ ಮಾತೇ ಇಲ್ಲದ್ದು ಬೇಸರ ತಂದಿತು. 1873ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಪಾಮರ್ ನದಿಯಲ್ಲಿ ಚಿನ್ನವಿದೆ ಎಂಬ ಸುದ್ದಿ ಹಬ್ಬಿತು. ಎಂಡೆವರ್ ನದಿಯ ದಡದಲ್ಲಿ ಹಡಗಿಳಿದವರು ಅಲ್ಲಿನ ಮೂಲನಿವಾಸಿಗಳಾದ ಗೂಗು ಯಿಮಿಥಿರ್ ಜನರ ನೆಲಕ್ಕೆ ಹೇಳದೆ ಕೇಳದೆ ನುಗ್ಗಿದರು. ಅದೇ ನವೆಂಬರ್‌ನಲ್ಲಿ ಈಟಿ ಹಿಡಿದು ಎದುರಾದವರ ಮೇಲೆ ಗುಂಡು ಹಾರಿಸಿದರು. ಸತ್ತವರನ್ನು ಸರಿಯಾಗಿ ಎಣಿಸಿದವರಿಲ್ಲ. ಗುಂಡು ಹಾರಿದ ಆ ಜಾಗಕ್ಕೆ ಇಂದಿಗೂ ‘ಬ್ಯಾಟಲ್ ಕ್ಯಾಂಪ್’, ಅಂದರೆ ಕಾಳಗದ ಬಿಡಾರ, ಅಂತಲೇ ಹೆಸರು. ಈಟಿಗೂ ಬಂದೂಕಿಗೂ ಎಲ್ಲಿಯ ಸಮ? ನಮ್ಮ ಮಕ್ಕಳು ದಿನಾ ಹೇಳುವ ‘ಕಾಂಗರೂ’ ಪದ ಬಂದದ್ದು ಇದೇ ಜನರ ಮಾತಿನಿಂದ. ಪದ ಗೊತ್ತು, ಜನ ಗೊತ್ತಿಲ್ಲ ಅಂದ್ರೆ ಸರಿಯಲ್ಲ ಅಲ್ವಾ? ನೆಲ ಕಳೆದುಕೊಂಡವರ ಬಗ್ಗೆಯೂ ಮುಂದಿನ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಕೊಡಿ.

– ಒಬ್ಬ ಓದುಗ, ಮೈಸೂರು