ಕೂಗಿದವರನ್ನಷ್ಟೇ ಅಲ್ಲ, ಮಾರುತ್ತರ ಕೊಟ್ಟವರನ್ನೂ ಕೇಳು

ಪ್ರೀತಿಯ ಪುಟ್ಟೀ,

ಆಶೀರ್ವಾದಗಳು. ಜೋಹಾನ್ಸ್‌ಬರ್ಗ್‌ನಿಂದ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಆ ಊರಿನ ಅಂಚಿನ ಕರಿಯರ ಬಡಾವಣೆ ಸೊವೆಟೊದಲ್ಲಿ ಬಿಳಿಯರ ಸರ್ಕಾರದ ವಿರುದ್ಧ ಹುಡುಗರು ಕೂಗಿದ ಘೋಷಣೆಗಳನ್ನು ತುಂಬಾ ಕಷ್ಟಪಟ್ಟು ಕೂಡಿಸಿದ್ದೀಯ. ಆದರೆ 'ಅಮಾಂಡ್ಲಾ' ಅಂದರೆ 'ಶಕ್ತಿ' ಅಂತ ಅರ್ಥ ಬರೆದು ಮುಂದೆ ಹೋಗಿಬಿಟ್ಟೆಯಲ್ಲ, ನನಗೆ ಕೊರತೆ ಕಂಡಿದ್ದು ಅಲ್ಲೇ. ಒಬ್ಬ ಮುಷ್ಟಿ ಎತ್ತಿ 'ಅಮಾಂಡ್ಲಾ' ಅಂತಾನೆ. 'ಅವೇತು', ಅದು ನಮ್ಮದು, ಅಂತ ಜನ ಕೂಗಬೇಕು. ಆಗಲೇ ಆ ಮಾತು ಪೂರ್ತಿ ಆಗೋದು.

1982ರಲ್ಲಿ ಗೋಕಾಕ್ ಚಳವಳಿಯ ಒಂದು ಮೆರವಣಿಗೆಯಲ್ಲಿ ನಾನೂ 'ಬೇಕೇ ಬೇಕು' ಅಂತ ಕೂಗಿದ್ದೆ. ಮೊದಲ ಸಲ ದನಿ ಗಂಟಲಲ್ಲೇ ಸಿಕ್ಕಿಕೊಂಡಿತು. ಹಿಂದಿನಿಂದ 'ನ್ಯಾಯ ಬೇಕು' ಅಂತ ಎಲ್ಲರೂ ಕೂಗಿದಾಗ ಮೈ ಜುಮ್ಮೆಂದಿತು. ಸಂಜೆ ಮನೆಗೆ ಬಂದು ಅಮ್ಮ ಬಡಿಸಿದ ಊಟ ಮಾಡಿದೆ. 1976ರ ಜೂನ್ 16ರಂದು ಸೊವೆಟೊದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಹೊರಟ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್ಸನ್‌ಗೆ ಬರೀ 12 ವರ್ಷ. ಅದಕ್ಕೇ ನಮ್ಮದನ್ನೂ ಅವರದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಅವರ ಒಂದು ರಟ್ಟಿನ ಫಲಕ ನನಗೆ ಮರೆಯೋಕೇ ಆಗಲ್ಲ. 'ನಾವು ಆಫ್ರಿಕಾನ್ಸ್ ಕಲಿಯಬೇಕು ಅಂದ್ರೆ ಫೋರ್ಸ್ಟರ್ ಜುಲು ಕಲಿಯಲಿ' ಅಂತ. ಫೋರ್ಸ್ಟರ್ ಆಗಿನ ಪ್ರಧಾನಿ. ಆಫ್ರಿಕಾನ್ಸ್ ಅಲ್ಲಿ ಆಳುತ್ತಿದ್ದ ಬಿಳಿಯರ ಭಾಷೆ, ಜುಲು ಕರಿಯರ ಭಾಷೆಗಳಲ್ಲಿ ಒಂದು. ಗಣಿತವನ್ನೂ ಸಮಾಜ ಪಾಠವನ್ನೂ ಆಫ್ರಿಕಾನ್ಸ್‌ನಲ್ಲೇ ಕಲಿಸಬೇಕು ಅಂತ ಸರ್ಕಾರ ಹಟ ಹಿಡಿದಿತ್ತು. ಮಕ್ಕಳು ಒಂದೇ ಸಾಲಿನಲ್ಲಿ ಅದರ ಅನ್ಯಾಯವನ್ನು ಎತ್ತಿ ತೋರಿಸಿಬಿಟ್ಟರು. ನೀನು ಇದಕ್ಕೆ 'ಒರಟು ಭಾಷೆ' ಅಂದಿದ್ದೀಯ. ಅದನ್ನು ಹೊಡೆದುಹಾಕು. ಬೀದಿಯಲ್ಲಿ ಅವರು ಆಡುತ್ತಿದ್ದ ತ್ಸೊತ್ಸಿತಾಲ್ ಅನ್ನೋ ಬೆರಕೆ ಮಾತಿನಲ್ಲಿ ಆಫ್ರಿಕಾನ್ಸ್ ಪದಗಳು ಬೇಕಾದಷ್ಟಿದ್ದವು. ಗೆಳೆಯರ ಬಾಯಲ್ಲಿ ಬಂದರೆ ನಮ್ಮದೇ ಆಗುವ ಮಾತು, ಮೇಲಿನವರು ಹೇರಿದರೆ ಚುಚ್ಚುತ್ತದೆ, ಅಲ್ವಾ?

ಇನ್ನೊಂದು ಮಾತನ್ನು ಭಾರವಾದ ಮನಸ್ಸಿನಿಂದಲೇ ಹೇಳ್ತೀನಿ. 'ಇಂಪಿಂಪಿ' ಅನ್ನೋ ಪದ ನಿನ್ನ ಪಟ್ಟಿಯಲ್ಲಿ ಇಲ್ಲ. ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಅಂತ ಅದರ ಅರ್ಥ. 1985ರ ಜುಲೈನಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರದ ದುಡುಜಾದಲ್ಲಿ ಆ ಹೆಸರು ಹೊತ್ತ ಒಬ್ಬನನ್ನು ಗುಂಪು ಸುಡಲು ಹೊರಟಿತ್ತು. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಬಿಷಪ್ ಟುಟು ನಡುವೆ ನುಗ್ಗಿ ಅವನನ್ನು ಉಳಿಸಿದರು. ಅದೇ ತಿಂಗಳು, ಅದೇ ಊರಿನಲ್ಲಿ, ಒಬ್ಬ ಯುವತಿಯನ್ನು ಉಳಿಸುವವರು ಯಾರೂ ಇರಲಿಲ್ಲ. ಆಕೆ ಸುದ್ದಿ ಮುಟ್ಟಿಸಿದವಳೇ ಅಲ್ಲ ಅಂತ ಆ ಕಾಲದ ಅನ್ಯಾಯಗಳನ್ನು ಆಮೇಲೆ ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗದಲ್ಲಿ ಗೊತ್ತಾಗುವಷ್ಟರಲ್ಲಿ ಹತ್ತು ವರ್ಷದ ಮೇಲಾಗಿತ್ತು. ಹೋರಾಟದ ಮೇಲೆ ಪ್ರೀತಿ ಇದೆ ಅಂತ ಇದನ್ನು ಬಿಡಬೇಡ ಮಗಳೇ. ಪ್ರೀತಿ ಇರುವವರೇ ಇದನ್ನು ಬರೆಯಬೇಕು.

ಮುಂದಿನ ಸಲ, ಆಗ ಹುಡುಗರಾಗಿದ್ದ ಆ ಹಿರಿಯರನ್ನು ಮಾತಾಡಿಸುವಾಗ ಪುಸ್ತಕ ಮುಚ್ಚಿಡು. ಯಾವುದಕ್ಕೆ ದನಿಗೂಡಿಸಿದ್ರಿ ಅಂತ ಕೇಳು. ಯಾವುದಕ್ಕೆ ಸುಮ್ನೆ ನಿಂತಿದ್ರಿ ಅಂತಾನೂ ಕೇಳು. ಉತ್ತರ ತಡವಾದರೆ ಕಾಯಿ. ತಿದ್ದಿದ ಬರಹವನ್ನು ಮೊದಲು ನನಗೇ ಕಳಿಸು.

ಇಂತಿ,
ನಿನ್ನ ಸೋದರಮಾವ